ಮರಳುಗಾಡಿನ ಶಾಲೆಗೆ ತೋಟ: ಮೊದಲು ರಜೆಯ ಲೆಕ್ಕ, ಆಮೇಲೆ ಗಿಡ

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಪತಿಯ ಕೆಲಸದ ಸಲುವಾಗಿ ಈಗ ರಾಜಸ್ಥಾನದ ಜೈಸಲ್ಮೇರ್ ಹತ್ತಿರ ಇದ್ದೇವೆ. ಇಲ್ಲಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸುಮಾರು 300 ಮಕ್ಕಳಿದ್ದಾರೆ, ನಾಲ್ಕು ಎಕರೆ ಜಾಗ ಇದೆ. ಅರ್ಧ ಮರಳು, ಅರ್ಧ ಕಲ್ಲುನೆಲ. ನೀರು ಟ್ಯಾಂಕರಿನಲ್ಲಿ ಬರುತ್ತದೆ. ಮುಂದುಗಡೆ ಹಾಕಿದ್ದ ಲಾನ್ ಒಂದೇ ಬೇಸಿಗೆಗೆ ಒಣಗಿಹೋಯಿತು. ಬೇಲಿ ತುಂಬ ನಮ್ಮೂರಲ್ಲಿ ಕಾಣುವ ಬಳ್ಳಾರಿ ಜಾಲಿಯೇ ಬೆಳೆದಿದೆ. ನೆರಳು, ಒಂದಿಷ್ಟು ಹಸಿರು, ಮಕ್ಕಳೇ ಬೆಳೆದು ತಿನ್ನುವಂಥ ತೋಟ, ಇಷ್ಟನ್ನೂ ಮಾಡುವ ಜವಾಬ್ದಾರಿ ನನಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ? ಯಾವ ಗಿಡ ಹಾಕಲಿ?

ಉತ್ತರ: ಮೇಡಂ, ಗಿಡಗಳ ಹೆಸರು ಖಂಡಿತ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಶಾಲೆಯ ರಜೆಯ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ. ಮೇ ಮಧ್ಯದಿಂದ ಜೂನ್ ಕೊನೆಯ ಹೊತ್ತಿನವರೆಗೆ ಶಾಲೆಗೆ ಬೀಗ. ಥಾರ್ ಮರುಭೂಮಿಯಲ್ಲಿ ಗಿಡಗಳಿಗೆ ವರ್ಷದ ಅತಿ ಕಷ್ಟದ ವಾರಗಳೂ ಅವೇ. ಬಿಸಿಲು 45 ಡಿಗ್ರಿ ದಾಟುತ್ತದೆ. ಜೋಧಪುರದಿಂದ ನಿಮ್ಮ ಕಡೆಗೆ ಬರುವ ರೈಲು ದಾರಿಯಲ್ಲಿ ಸಿಗುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಅದರ ಮೇಲೆ ಲೂ ಬಿಸಿಗಾಳಿ, ಅಲ್ಲಿನವರು ಆಂಧಿ ಅನ್ನುವ ಧೂಳಿನ ಬಿರುಗಾಳಿ. ಆ ಆರೇಳು ವಾರ ನೀರು ಹಾಕಲು ಒಬ್ಬ ವಿದ್ಯಾರ್ಥಿಯೂ ಇರುವುದಿಲ್ಲ. ನಿಮ್ಮ ಲಾನ್ ಒಣಗಿದ್ದು ಇದೇ ಕಾರಣಕ್ಕೆ ಇರಬೇಕು.

ಹಾಗಾಗಿ ಮರುಭೂಮಿಯ ಶಾಲೆಗೆ ನಾನು ಹೇಳುವುದು ಒಂದೇ ನಿಯಮ. ನೆಲಕ್ಕೆ ಕಾಯಂ ಆಗಿ ಹಾಕುವ ಗಿಡ ಯಾವುದೇ ಇರಲಿ, ಬೇರೂರಿದ ಮೇಲೆ ಮೇ-ಜೂನ್ ತಿಂಗಳನ್ನು ತಾನಾಗಿ ದಾಟುವಂಥದ್ದಾಗಿರಬೇಕು. ನೀರು ಕೇಳುವ ಬೆಳೆಗಳನ್ನೆಲ್ಲ ಜುಲೈನಿಂದ ಫೆಬ್ರವರಿಯೊಳಗೆ, ಅಂದರೆ ಮಕ್ಕಳು ಶಾಲೆಯಲ್ಲಿರುವ ಕಾಲದಲ್ಲಿ ಬೆಳೆದು ಮುಗಿಸಬೇಕು. ಈ ಒಂದು ಜರಡಿಯಲ್ಲಿ ಸೋಸಿದರೆ ನರ್ಸರಿಯವರು ತೋರಿಸುವ ಗಿಡಗಳಲ್ಲಿ ಮುಕ್ಕಾಲು ಪಾಲು ಬಿದ್ದುಹೋಗುತ್ತವೆ.

ಇನ್ನು ನೀರಿನ ಲೆಕ್ಕ. ಇದನ್ನು ಮಕ್ಕಳ ಜೊತೆ ಕೂತು ಬೋರ್ಡಿನ ಮೇಲೆ ಮಾಡಿ. ದಾವಣಗೆರೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮೇಲೆ ಮಳೆ. ಜೈಸಲ್ಮೇರಿನಲ್ಲಿ ಸರಾಸರಿ 150ರಿಂದ 200. ಅದೂ ಹೆಚ್ಚಿನ ಪಾಲು ಜುಲೈ-ಆಗಸ್ಟ್-ಸೆಪ್ಟೆಂಬರಿನ ಕೆಲವೇ ಮಳೆಗಳಲ್ಲಿ ಸುರಿದುಬಿಡುತ್ತದೆ. ನಿಮ್ಮ ಚಾವಣಿ 1,000 ಚದರ ಮೀಟರ್ ಇದೆ ಅಂದುಕೊಳ್ಳೋಣ. 180 ಮಿಲಿಮೀಟರ್ ಮಳೆಯಲ್ಲಿ ಶೇಕಡಾ 80ರಷ್ಟು ಹಿಡಿದರೆ ಸಿಗುವುದು 1 ಲಕ್ಷ 44 ಸಾವಿರ ಲೀಟರ್. ಕೇಳಲು ದೊಡ್ಡ ಮೊತ್ತ. ಆದರೆ 300 ಮಕ್ಕಳು ದಿನಕ್ಕೆ ಮೂರು ಮೂರು ಲೀಟರ್ ಕುಡಿದರೆ 220 ಶಾಲಾ ದಿನಗಳಿಗೆ ಸುಮಾರು 2 ಲಕ್ಷ ಲೀಟರ್ ಬೇಕು. ಅಂದರೆ ಚಾವಣಿಯ ಮಳೆನೀರು ಕುಡಿಯಲಿಕ್ಕೇ ಸಾಲದು. ಅದನ್ನು ತೋಟಕ್ಕೆ ಮುಟ್ಟಬೇಡಿ.

ತೋಟದ ನೀರು ಬೇರೆ ಕಡೆ ಇದೆ. ಕೈ ತೊಳೆಯುವ ನಲ್ಲಿಗಳ ಹತ್ತಿರ ಹೋಗಿ ನಿಂತು ನೋಡಿ. ಒಬ್ಬೊಬ್ಬ ಮಗು ದಿನಕ್ಕೆ ಎರಡು ಲೀಟರ್ ಬಳಸಿದರೂ 600 ಲೀಟರ್ ಚರಂಡಿಗೆ ಹೋಗುತ್ತಿದೆ. ಅಕ್ಕಿ-ಬೇಳೆ ತೊಳೆದ ನೀರು ಅದರ ಮೇಲೆ. ಲಾನಿಗೂ ಇದೇ ಲೆಕ್ಕ ಹಾಕಿ. 1,000 ಚದರ ಅಡಿಯ ಹುಲ್ಲುಹಾಸು ಅಲ್ಲಿನ ಬೇಸಿಗೆಯಲ್ಲಿ ದಿನಕ್ಕೆ ಆರೆಂಟು ಮಿಲಿಮೀಟರ್ ನೀರು ಕುಡಿಯುತ್ತದೆ. ಅಂದರೆ ಹತ್ತಿರ ಹತ್ತಿರ 550ರಿಂದ 750 ಲೀಟರ್. 300 ಮಕ್ಕಳು ಕೈ ತೊಳೆದ ನೀರಷ್ಟೂ ಒಂದು ಸಣ್ಣ ಹುಲ್ಲುಹಾಸಿಗೆ! ಆಡಳಿತ ಮಂಡಳಿಯವರು ಮತ್ತೆ ಲಾನ್ ಅಂದರೆ ಈ ಲೆಕ್ಕವನ್ನೇ ತೋರಿಸಿ. ಅದೇ ನೀರಿನಲ್ಲಿ ಚಳಿಗಾಲ ಪೂರ್ತಿ 100 ಚದರ ಮೀಟರ್ ತರಕಾರಿ ಬೆಳೆಯಬಹುದು, ಜೊತೆಗೆ ಹತ್ತಾರು ಮರ ಸಾಕಬಹುದು.

ಕೈ ತೊಳೆದ ನೀರನ್ನು ನೇರ ಬಿಡಬೇಡಿ. ಜಲ್ಲಿ, ದಪ್ಪ ಮರಳು ತುಂಬಿದ ಒಂದು ತೊಟ್ಟಿಯ ಮೂಲಕ ಹರಿಸಿ. ಪಾತ್ರೆ ತೊಳೆಯುವ ಪುಡಿ ಜಾಸ್ತಿ ಇರುವ ನೀರು ಬೇಡ. ಅದರಲ್ಲಿನ ಉಪ್ಪು ಅಲ್ಲಿನ ಮಣ್ಣಿಗೆ ಆಗಿಬರುವುದಿಲ್ಲ. ಮರಗಳ ಬುಡಕ್ಕೆ, ಟೊಮೇಟೊ-ಬದನೆ ಸಾಲಿಗೆ ಮಣ್ಣಿನೊಳಗೇ ಇಳಿಯುವ ಹಾಗೆ ಕೊಡಿ. ಹಸಿಯಾಗಿ ತಿನ್ನುವ ಮೂಲಂಗಿ, ಕ್ಯಾರೆಟ್, ಕೊತ್ತಂಬರಿಗೆ ಈ ನೀರು ಸೋಕಿಸಬೇಡಿ. ಅವಕ್ಕೆ ತರಕಾರಿ ತೊಳೆದ ಶುದ್ಧ ನೀರು ಸಾಕಾಗುತ್ತದೆ.

ಚಾವಣಿಯ ನೀರಿಗೆ ಟಾಂಕಾ ಕಟ್ಟಿಸಿ. ನೆಲದೊಳಗಿನ ದುಂಡನೆಯ, ಮುಚ್ಚಿದ ತೊಟ್ಟಿ ಅದು. ಪಶ್ಚಿಮ ರಾಜಸ್ಥಾನದ ಮನೆಮನೆಯಲ್ಲೂ ಇದ್ದ ಏರ್ಪಾಡು. ಜೋಧಪುರದಲ್ಲಿರುವ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ, ಎಲ್ಲರೂ ಕಾಜ್ರಿ ಅಂತಾರಲ್ಲ, ಅದರ ಸುಧಾರಿತ ಟಾಂಕಾ ವಿನ್ಯಾಸಗಳಿವೆ. 6 ಮೀಟರ್ ಅಗಲ, 3.6 ಮೀಟರ್ ಆಳ ತೋಡಿದರೆ 1 ಲಕ್ಷ ಲೀಟರ್ ಹಿಡಿಯುತ್ತದೆ. ಕಲ್ಲುನೆಲದಲ್ಲಿ ಅಷ್ಟು ಆಳ ತೋಡುವ ಖರ್ಚು ಜಾಸ್ತಿಯಾದರೆ ಎರಡು ಸಣ್ಣವು ಮಾಡಿಸಿ. ಎರಡಿದ್ದರೆ ಒಂದನ್ನು ತೊಳೆಯುವಾಗ ಇನ್ನೊಂದು ಇರುತ್ತದೆ. ಮೊದಲ ಮಳೆಯ ಧೂಳುನೀರು ಹೊರಗೆ ಹೋಗುವ ಹಾಗೆ ಪೈಪಿಗೆ ಒಂದು ತಿರುವು ಬೇಕು. ಬಾಯಿಗೆ ಬೀಗ ಹಾಕುವ ಮುಚ್ಚಳ, ಒಳಬರುವ ಕಿಂಡಿಗೆ ಜಾಲರಿ ಬೇಕೇ ಬೇಕು. ಶಾಲೆಯಲ್ಲಿ ಇದರಲ್ಲಿ ರಾಜಿ ಮಾಡಿಕೊಳ್ಳಬಾರದು. ಟಾಂಕಾದ ಹತ್ತಿರ ದೊಡ್ಡ ಮರ ಹಾಕಬೇಡಿ, ಬೇರು ಗೋಡೆ ಸೀಳುತ್ತದೆ.

ಈಗ ಗಾಳಿಯ ಮಾತು. ಅಲ್ಲಿ ಗಿಡ ಸಾಯುವುದು ಎಷ್ಟೋ ಸಲ ಬಿಸಿಲಿಗಿಂತ ಗಾಳಿಗೆ. ಬೇಸಿಗೆಯ ಗಾಳಿ ನೈಋತ್ಯದಿಂದ ಬೀಸುತ್ತದೆ. ಆ ದಿಕ್ಕಿಗೆ ಎತ್ತರದ ಗೋಡೆ ಕಟ್ಟಿದರೆ ಸಾಕು ಅಂತ ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಒಳಗಡೆ ಸುಳಿ ಹಾಕುತ್ತದೆ. ಹೊತ್ತು ತಂದ ಮರಳನ್ನು ಗೋಡೆಯ ಹಿಂದೆಯೇ ಸುರಿಯುತ್ತದೆ. ಗಾಳಿಯನ್ನು ಸ್ವಲ್ಪ ಬಿಟ್ಟು ಸ್ವಲ್ಪ ಹಿಡಿಯುವ ಗಿಡಗಳ ಸಾಲೇ ವಾಸಿ. ಹೊರಗಿನ ಸಾಲಿಗೆ ಕೇರ್, ಖೀಂಪ್, ಫೋಗ್‌ನಂಥ ಪೊದೆಗಳು. ನಡುವೆ ಕುಮಟ್ ಅನ್ನುವ ಜಾಲಿ ಜಾತಿಯ ಗಿಡ ಮತ್ತು ಕಾಡು ಬೋರೆ. ಒಳಸಾಲಿಗೆ ಖೇಜಡಿ, ರೋಹಿಡಾ ಮರಗಳು, ಅವುಗಳ ವಿವರ ಮುಂದೆ ಹೇಳುತ್ತೇನೆ. ಇಂಥ ಮೂರು ಸಾಲು ಬೆಳೆದರೆ ಮರದ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯ ಜೋರು ಕಡಿಮೆಯಾಗುತ್ತದೆ. ಮರಳು ಹರಿದಾಡುವ ಮೂಲೆ ಇದ್ದರೆ ಒಣ ಪೊದೆಗಳನ್ನು ತಲೆಕೆಳಗಾಗಿ ಹೂತು ಐದೈದು ಮೀಟರಿನ ಚೌಕಗಳನ್ನು ಮಾಡಿ, ಆ ಚೌಕಗಳೊಳಗೆ ಹುಲ್ಲು ಬಿತ್ತಿ. ದಿಬ್ಬಗಳನ್ನು ಹಿಡಿದು ನಿಲ್ಲಿಸಲು ಕಾಜ್ರಿಯವರು ಬಹಳ ಹಿಂದಿನಿಂದ ಬಳಸುತ್ತಿರುವ ವಿಧಾನ ಇದು.

ಬಳ್ಳಾರಿ ಜಾಲಿಯನ್ನು ಕಂಡರೆ ನಮ್ಮ ಕಡೆಯವರಿಗೆ ತಕ್ಷಣ ಕೊಡಲಿ ನೆನಪಾಗುತ್ತದೆ. ಅಲ್ಲಿ ಅದಕ್ಕೆ ವಿಲಾಯತಿ ಬಬೂಲ್ ಅಂತ ಹೆಸರು. 1940ರಲ್ಲಿ ಜೋಧಪುರ ಸಂಸ್ಥಾನ ಅದನ್ನು ರಾಜವೃಕ್ಷ ಅಂತ ಸಾರಿ ಜನರಿಂದ ನೆಡಿಸಿತ್ತು. ಈಗ ಅದು ಸ್ಥಳೀಯ ಗಿಡಗಳಿಗೆ ಜಾಗವನ್ನೇ ಬಿಡುತ್ತಿಲ್ಲ. ಆದರೂ ಒಂದೇ ಸಲಕ್ಕೆ ಕಡಿಸಬೇಡಿ ಮೇಡಂ. ಸದ್ಯಕ್ಕೆ ನಿಮಗಿರುವ ಗಾಳಿತಡೆ ಅದೊಂದೇ. ಒಳಗಡೆ ಹೊಸ ಸಾಲು ನೆಟ್ಟು, ಅದು ಎದೆಮಟ್ಟ ಬಂದ ಮೇಲೆ ಜಾಲಿಯನ್ನು ಒಂದೊಂದೇ ತುಂಡು ಜಾಗದಲ್ಲಿ ತೆಗೆಸುತ್ತ ಹೋಗಿ. ಬರೀ ಮೇಲೆ ಕಡಿದರೆ ಇಮ್ಮಡಿಯಾಗಿ ಚಿಗುರುತ್ತದೆ. ನೆಲದಿಂದ ಒಂದು ಅಡಿ ಕೆಳಗೆ ಅಗೆದು ಬುಡದ ಗಂಟನ್ನೇ ಕೀಳಿಸಬೇಕು.

ಮರಗಳಲ್ಲಿ ಮೊದಲ ಹೆಸರು ಖೇಜಡಿ. ದಸರೆಯಲ್ಲಿ ನಾವು ಪೂಜೆ ಮಾಡುವ ಬನ್ನಿ ಮರವೇ ಅದು. 1983ರಿಂದ ರಾಜಸ್ಥಾನದ ರಾಜ್ಯವೃಕ್ಷ. ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಅಚ್ಚರಿ ಏನು ಗೊತ್ತಾ, ಬೇರೆ ಗಿಡಗಳು ಸೊರಗುವ ಕಡು ಬೇಸಿಗೆಯಲ್ಲೇ ಇದು ಹೊಸ ಚಿಗುರು ಹೊತ್ತು ನಿಲ್ಲುತ್ತದೆ. ಮೇ ಸುಮಾರಿಗೆ ಎಳೆ ಕಾಯಿ ಬರುತ್ತದೆ. ಅದೇ ಸಾಂಗ್ರಿ. ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ. ಎಲೆ ಆಡು-ಕುರಿಗಳಿಗೆ ಮೇವು. ಬೇಳೆಕಾಳಿನ ಜಾತಿಯ ಮರವಾದ್ದರಿಂದ ನೆಲಕ್ಕೂ ಸಾರ ಕೊಡುತ್ತದೆ. ಹೊಲದ ನಡುವೆ ಖೇಜಡಿ ಇಟ್ಟುಕೊಂಡೇ ಅಲ್ಲಿನ ರೈತರು ಅದರ ಕೆಳಗೆ ಸಜ್ಜೆ ಬಿತ್ತುತ್ತಾರೆ. ನಿಮ್ಮ ಮಕ್ಕಳಲ್ಲಿ ಬಿಷ್ಣೋಯಿ ಸಮುದಾಯದ ಮನೆಯವರಿದ್ದರೆ, 1730ರಲ್ಲಿ ಜೋಧಪುರ ಹತ್ತಿರದ ಖೇಜಡಲಿಯಲ್ಲಿ ಈ ಮರಗಳಿಗಾಗಿ ಅಮೃತಾ ದೇವಿಯೂ ಸೇರಿ 363 ಜನ ಪ್ರಾಣ ಕೊಟ್ಟ ಕಥೆಯನ್ನು ಅವರೇ ನಿಮಗೆ ಹೇಳುತ್ತಾರೆ. ಆ ಮಕ್ಕಳನ್ನೇ ತೋಟದ ಮುಂದಾಳು ಮಾಡಿ.

ಖೇಜಡಿ ನಿಧಾನಕ್ಕೆ ಬೆಳೆಯುವ ಮರ. ಹತ್ತು ವರ್ಷ ಕಾಯುವ ಮನಸ್ಸಿರಬೇಕು. ನರ್ಸರಿಯ ಗಿಡ ತರುವಾಗ ಗಿಡ್ಡ ಪ್ಯಾಕೆಟಿನದು ಬೇಡ. ತಾಯಿಬೇರು ಸುರುಳಿ ಸುತ್ತಿಕೊಂಡಿರುತ್ತದೆ, ಅಂಥದ್ದು ಮುಂದೆ ಆಳಕ್ಕೆ ಇಳಿಯಲು ಕಷ್ಟಪಡುತ್ತದೆ. ಉದ್ದನೆಯ ಕೊಳವೆಯಲ್ಲಿ ಬೆಳೆಸಿದ್ದನ್ನು ಕೇಳಿ. ಸಾಂಗ್ರಿಯ ಸಲುವಾಗಿಯೇ ಒಂದೆರಡು ಮರ ಬೇಕು ಅಂದರೆ ಬಿಕಾನೇರಿನ ಶುಷ್ಕ ತೋಟಗಾರಿಕೆ ಸಂಸ್ಥೆಯ ಥಾರ್ ಶೋಭಾ ಅನ್ನುವ ಕಸಿ ತಳಿ ಇದೆ.

ಮಕ್ಕಳು ಬೇಗ ತಿನ್ನುವಂಥ ಹಣ್ಣು ಬೇಕಲ್ವಾ? ಅದಕ್ಕೆ ಕಸಿ ಬೋರೆ. ಶಾಲೆಯ ಕ್ಯಾಲೆಂಡರಿಗೆ ಇದರಷ್ಟು ಹೊಂದುವ ಹಣ್ಣಿನ ಮರ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ನೀರು ಕೇಳುವುದಿಲ್ಲ. ರಜೆಗೆ ಮುಂಚೆ ಮೇನಲ್ಲಿ ಸವರಿಬಿಟ್ಟರೆ ಮುಗಿಯಿತು. ಮಳೆ ಬಿದ್ದ ಕೂಡಲೇ ಚಿಗುರಿ, ಶಾಲೆ ನಡೆಯುವ ಜನವರಿ-ಫೆಬ್ರವರಿಯಲ್ಲಿ ಹಣ್ಣು ಕೊಡುತ್ತದೆ. ಗೋಲಾ ಬೇಗ ಬರುವ ತಳಿ, ಸೇಬ್ ಸ್ವಲ್ಪ ತಡ. ಎರಡನ್ನೂ ಹಾಕಿದರೆ ಹಣ್ಣಿನ ಕಾಲ ಉದ್ದವಾಗುತ್ತದೆ. ನೆಟ್ಟ ಎರಡು-ಮೂರು ವರ್ಷಕ್ಕೆ ಫಲ ಶುರು. ಮುಳ್ಳಿದೆ, ಹಾಗಾಗಿ ಆಟದ ಬಯಲಿನಿಂದ ದೂರ ಇರಲಿ.

ಗೊಂದಾ, ಅಂದರೆ ನಮ್ಮ ಚಳ್ಳೆ ಹಣ್ಣಿನ ಮರ, ಉಪ್ಪಿನಕಾಯಿಗೂ ನೆರಳಿಗೂ ಒಳ್ಳೆಯದು. ಕೈ ತೊಳೆದ ನೀರು ಹೋಗುವ ಕಾಲುವೆ ಪಕ್ಕ ಎರಡು ಹಾಕಿ. ಬೇವನ್ನೂ ಅಲ್ಲೇ ಹಾಕಬಹುದು. ಆದರೆ ಎಳೆ ಬೇವು ಜನವರಿಯ ಹಿಮಕ್ಕೆ ಸುಡುತ್ತದೆ, ಮೊದಲೆರಡು ಚಳಿಗಾಲ ರಾತ್ರಿ ಗೋಣಿ ಮುಚ್ಚಬೇಕು. ಉಪ್ಪುನೆಲ ಇರುವ ಮೂಲೆಗೆ ಜಾಳ್ ಮರ, ಅದರ ಪೀಲು ಹಣ್ಣು ಮಕ್ಕಳಿಗೆ ಇಷ್ಟ. ಬಣ್ಣಕ್ಕೆ ರೋಹಿಡಾ ಒಂದೇ ಸಾಕು. ಚಳಿ ಮುಗಿಯುವ ಹೊತ್ತಿಗೆ ಹಳದಿ, ಕಿತ್ತಳೆ ಹೂವಿನಿಂದ ತುಂಬಿಹೋಗುತ್ತದೆ. ರಾಜಸ್ಥಾನದ ರಾಜ್ಯಪುಷ್ಪ ಅದು. ಚೆಂದಕ್ಕೆ ಅಂತ ಕಣಗಿಲೆ ಮಾತ್ರ ಹಾಕಬೇಡಿ. ನೀರಿಲ್ಲದೆ ಬದುಕುತ್ತದೆ ನಿಜ, ಎಲೆ ಹೂವು ಎಲ್ಲವೂ ವಿಷ. ಎಕ್ಕದ ಗಿಡವನ್ನೂ ಚಿಕ್ಕ ಮಕ್ಕಳು ಓಡಾಡುವ ಜಾಗದಿಂದ ತೆಗೆಸಿ, ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ನೆಡುವ ಕ್ರಮ ಹೀಗೆ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಏಪ್ರಿಲ್ ಕೊನೆಗೆ ತೋಡಿಸಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಆಡಿನ ಹಿಕ್ಕೆ ಬೆರೆಸಿ. ಚೆನ್ನಾಗಿ ಕಳಿತದ್ದು ಅಂತ ಒತ್ತಿ ಹೇಳಲು ಕಾರಣ ಇದೆ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬಂದು ಎಳೆ ಬೇರನ್ನೇ ತಿಂದುಬಿಡುತ್ತದೆ. ಗುಂಡಿಗೆ ಎರಡು ಹಿಡಿ ಬೇವಿನ ಹಿಂಡಿಯೂ ಇರಲಿ. ಬುಡಕ್ಕೆ ಹುಲ್ಲು-ಸೊಪ್ಪು ಮುಚ್ಚುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ, ಅದೂ ಗೆದ್ದಲಿಗೆ ಕರೆ ಕಳಿಸಿದಂತೆ. ಬದಲಿಗೆ ಕಲ್ಲು ಹೊದಿಸಿ. ಜೈಸಲ್ಮೇರಿನಲ್ಲಿ ಹಳದಿ ಕಲ್ಲಿನ ಚೂರುಗಳಿಗೆ ಬರವಿಲ್ಲ. ಅಂಗೈ ಅಗಲದ ಚಪ್ಪಟೆ ಕಲ್ಲುಗಳನ್ನು ಬುಡದ ಸುತ್ತ ಒತ್ತೊತ್ತಾಗಿ ಜೋಡಿಸಿದರೆ ತೇವ ಆರುವುದಿಲ್ಲ, ಗಾಳಿಗೆ ಮಣ್ಣು ಹಾರುವುದಿಲ್ಲ. ನಡುಮಧ್ಯಾಹ್ನ ಒಂದು ಕಲ್ಲನ್ನು ಎತ್ತಿ ಕೆಳಗಿನ ಮಣ್ಣು ಮುಟ್ಟಿ ನೋಡಲು ಮಕ್ಕಳಿಗೆ ಹೇಳಿ. ಪಕ್ಕದ ಬರೀ ಮಣ್ಣಿನ ಉಷ್ಣತೆಯನ್ನೂ ಥರ್ಮಾಮೀಟರಿನಲ್ಲಿ ಅಳೆಯಲಿ. ಇಡೀ ಪಾಠ ಅಲ್ಲೇ ಸಿಗುತ್ತದೆ.

ನೆಡುವುದು ಜುಲೈನ ಮೊದಲ ಹದವಾದ ಮಳೆಗೆ. ಪ್ರತಿ ಗಿಡದ ಸುತ್ತ ನೆಲವನ್ನು ಬುಡದ ಕಡೆಗೆ ಇಳಿಜಾರು ಮಾಡಿ, ಸುತ್ತಲ ಮಳೆನೀರು ಗಿಡಕ್ಕೇ ಹರಿದು ಬರಲಿ. ಪಕ್ಕದಲ್ಲಿ ಹತ್ತು ಲೀಟರಿನ ಸುಡುಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳ ಇಡಿ. ನೀರು ಜಿನುಗುತ್ತ ಬೇರಿಗೇ ಹೋಗುತ್ತದೆ. ಬೇರು ಇಳಿಯುವವರೆಗೆ, ಅಂದರೆ ಮೊದಲೆರಡು ಬೇಸಿಗೆ, ರಜೆಯಲ್ಲೂ ನೀರು ಬೇಕು. 100 ಗಿಡಕ್ಕೆ ಹತ್ತು ದಿನಕ್ಕೊಮ್ಮೆ ಹತ್ತು ಹತ್ತು ಲೀಟರ್ ಅಂದರೆ ರಜೆಯ 45 ದಿನಕ್ಕೆ ಐದು ಸಾವಿರ ಲೀಟರ್, ಒಂದು ಟ್ಯಾಂಕರ್. ಆ ಟ್ಯಾಂಕರಿನ ಹಣ ಮತ್ತು ನೀರು ಹಾಕುವವರ ಕೂಲಿಯನ್ನು ಏಪ್ರಿಲಿನಲ್ಲೇ ತೆಗೆದಿಡಿಸಿ. 500 ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಕ್ಕೆ ಒತ್ತಾಯ ಬರಬಹುದು. ಸಾಕಲು ಆಗುವಷ್ಟೇ ನೆಡಿ.

ಖೇಜಡಿ ದೊಡ್ಡದಾಗುವ ತನಕ ನೆರಳಿಗೆ ಏನು ಮಾಡುವುದು? ಕಲ್ಲಿನ ಕಂಬ ನಿಲ್ಲಿಸಿ ಮೇಲೆ ಸ್ಥಳೀಯ ಹುಲ್ಲಿನ ಚಪ್ಪರ ಹಾಕಿಸಿ. ಹಸಿರು ನೆಟ್ ಆಂಧಿಗೆ ಹರಿದುಹೋಗುತ್ತದೆ. ಬೆಳಗಿನ ಪ್ರಾರ್ಥನೆಯನ್ನು ಕಟ್ಟಡದ ಪಡುವಣ ಮಗ್ಗುಲಿಗೆ ಸ್ಥಳಾಂತರಿಸಿ, ಆ ಹೊತ್ತಿನಲ್ಲಿ ಕಟ್ಟಡದ ನೆರಳೇ ಅಲ್ಲಿ ಬಿದ್ದಿರುತ್ತದೆ. ಪೈಸೆ ಖರ್ಚಿಲ್ಲದ ಕೆಲಸ. ಮರಗಳನ್ನು ಮಧ್ಯಾಹ್ನದ ಬಿಸಿಲು ಹೊಡೆಯುವ ಪಶ್ಚಿಮದ ತರಗತಿಗಳ ಮುಂದೆ ಹಾಕಿ. ಅಂಗಳಕ್ಕೆ ಸಿಮೆಂಟ್ ಬಳಿಸಬೇಡಿ. ಖಾಲಿ ನೆಲದಲ್ಲಿ ಸೇವಣ್ ಹುಲ್ಲಿನ ಬೀಜ ಎರಚಿ, ಗೊಂಚಲು ಗೊಂಚಲಾಗಿ ಬೆಳೆದು ಮರಳನ್ನು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅದು ಆ ನೆಲದ ಬಣ್ಣ, ಅದನ್ನೇ ಚೆಂದ ಅಂತ ನೋಡಲು ಮಕ್ಕಳಿಗೆ ಕಲಿಸಿ. ಸಾಧ್ಯವಾದರೆ ಕಣೋಯಿ ಗ್ರಾಮದ ರಾಜಕುಮಾರಿ ರತ್ನಾವತಿ ಬಾಲಿಕಾ ಶಾಲೆಯನ್ನು ಹೋಗಿ ನೋಡಿ. ವಾಸ್ತುಶಿಲ್ಪಿ ಡಯಾನಾ ಕೆಲಾಗ್ ವಿನ್ಯಾಸ ಮಾಡಿದ, ಮೊಟ್ಟೆಯಾಕಾರದ ಹಳದಿ ಕಲ್ಲಿನ ಕಟ್ಟಡ. ಜಾಲಂದ್ರದ ಗೋಡೆ, ನಡುವಿನ ಅಂಗಳ ಗಾಳಿಯನ್ನು ಹೇಗೆ ಪಳಗಿಸುತ್ತವೆ ಅಂತ ಕಣ್ಣಾರೆ ಕಾಣಬಹುದು.

ತಿನ್ನುವ ತೋಟಕ್ಕೆ ಎರಡು ಹಂಗಾಮು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮರಳಿನ ಭಾಗದಲ್ಲಿ ಒಂದು ಕಾಲು ಎಕರೆಗೆ ಸಜ್ಜೆ, ಮಡಕೆ ಕಾಳು, ಗೋರಿಕಾಯಿ, ಎಳ್ಳು. ನಡುನಡುವೆ ಕಾಚ್ರಿ ಅನ್ನುವ ಸೌತೆ ಜಾತಿಯ ಪುಟ್ಟ ಕಾಯಿಯ ಬೀಜ ಮತ್ತು ಮತೀರಾ ಅನ್ನುವ ಅಲ್ಲಿನ ಕಲ್ಲಂಗಡಿ ಬೀಜ. ನೀರು ಹಾಕುವ ಮಾತೇ ಇಲ್ಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಮೇವು. ಬಂದ ಸಜ್ಜೆಯಲ್ಲಿ ಮಕ್ಕಳಿಗೆ ನಮ್ಮ ಕಡೆಯ ಎಳ್ಳು ಹಚ್ಚಿದ ರೊಟ್ಟಿ ತಟ್ಟಿ ತೋರಿಸಿ, ಅವರು ಸೋಗರಾ ಅನ್ನುವ ಅಲ್ಲಿನ ಸಜ್ಜೆ ರೊಟ್ಟಿ ಮಾಡಿ ಕೊಡುತ್ತಾರೆ.

ಚಳಿಗಾಲದ್ದೇ ನಿಜವಾದ ಕೈತೋಟ. ಅಕ್ಟೋಬರಿನಲ್ಲಿ ಬಿತ್ತಿ, ಫೆಬ್ರವರಿಯೊಳಗೆ ಕೊಯ್ದು ಮುಗಿಸಿ. ಮೆಂತ್ಯ, ಪಾಲಕ್, ಮೂಲಂಗಿ, ಕ್ಯಾರೆಟ್, ಬಟಾಣಿ, ಈರುಳ್ಳಿ ಸೊಪ್ಪು, ಟೊಮೇಟೊ ಚೆನ್ನಾಗಿ ಬರುತ್ತವೆ. ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಕಡೆ ಏರುಮಡಿ ಮಾಡುತ್ತೇವೆ, ಬೇರಿಗೆ ನೀರು ನಿಲ್ಲಬಾರದು ಅಂತ. ಜೈಸಲ್ಮೇರಿನಲ್ಲಿ ಮಡಿಯನ್ನು ನೆಲದಿಂದ ಅರ್ಧ ಅಡಿ ತಗ್ಗಿಸಬೇಕು. ತಗ್ಗಿನಲ್ಲಿ ತೇವ ಉಳಿಯುತ್ತದೆ, ಎಳೆ ಸಸಿಗೆ ಗಾಳಿ ನೇರವಾಗಿ ಹೊಡೆಯುವುದಿಲ್ಲ. ಹಿಮ ಬೀಳುವ ಸೂಚನೆ ಇದ್ದರೆ ಆ ಸಂಜೆ ಲಘುವಾಗಿ ನೀರು ಕೊಟ್ಟು ಗೋಣಿ ಹೊದಿಸಿ. ಗೊಬ್ಬರವನ್ನೂ ಗುಡ್ಡೆ ಹಾಕಬೇಡಿ, ಒಣಗಿಹೋಗುತ್ತದೆ. ಗುಂಡಿಯಲ್ಲೇ ಕೊಳೆಸಿ.

ಕಲ್ಲುನೆಲದ ಅರ್ಧವನ್ನು ನೀವು ಬೇಡದ ಜಾಗ ಅಂದುಕೊಂಡಿರಬಹುದು. ನನಗೆ ಅದೇ ಆಸೆ ಹುಟ್ಟಿಸುತ್ತಿದೆ. ಜೈಸಲ್ಮೇರಿನ ಪಾಲಿವಾಲ ಬ್ರಾಹ್ಮಣರು ಸುಮಾರು 15ನೇ ಶತಮಾನದಿಂದ ಇಂಥ ನೆಲದಲ್ಲೇ ಖಡೀನ್ ಕಟ್ಟಿ ಬೇಸಾಯ ಮಾಡಿದರು. ಕಲ್ಲಿನ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಮಣ್ಣಿನ ಏರಿ ಹಾಕುವುದು. ನೀರು ನಿಂತು ಮಣ್ಣಿಗೆ ಇಳಿದ ಮೇಲೆ, ಆ ತೇವದ ಮೇಲೆಯೇ ಚಳಿಗಾಲದಲ್ಲಿ ಗೋಧಿ, ಕಡಲೆ ಬಿತ್ತುವುದು. ಕೆರೆಯ ಊರಿನವರಾದ ನಿಮಗೆ ಏರಿ-ಕೋಡಿ ಹೊಸದೇನಲ್ಲ. ನಿಮ್ಮಲ್ಲಿ ಇಳಿಜಾರಿನ ಕೆಳಗೆ ಒಂದಿಷ್ಟು ಮಣ್ಣಿನ ತಗ್ಗು ಇದ್ದರೆ ಎರಡು ಅಡಿ ಎತ್ತರದ ಏರಿಯ ಪುಟ್ಟ ಖಡೀನ್ ಮಾಡಬಹುದು. ಕಲ್ಲು ಹೊದಿಸಿದ ಕೋಡಿ ಮಾತ್ರ ಮರೆಯಬೇಡಿ. ಅಲ್ಲಿ ಮಳೆ ಬಂದರೆ ಒಂದೇ ಗಂಟೆಯಲ್ಲಿ ಬಂದುಬಿಡುತ್ತದೆ. ಏರಿಯ ಜಾಗ ಗುರುತಿಸುವ ಮೊದಲು ಊರಿನ ಹಿರಿಯರೊಬ್ಬರನ್ನು ಕರೆಸಿ, ನೀರು ಯಾವ ದಾರಿಯಲ್ಲಿ ಹರಿಯುತ್ತದೆ ಅಂತ ತೋರಿಸಲು ಹೇಳಿ. ತರಗತಿಯ ಕಟ್ಟಡ ಆ ದಾರಿಯಲ್ಲಿ ಇರಬಾರದು.

ಆಡುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಬೇಲಿ ಸಡಿಲ ಇದ್ದರೆ ಮೇಲಿನ ಮಾತೆಲ್ಲ ವ್ಯರ್ಥ. ಕೇರ್ ಮತ್ತು ಬೋರೆಯ ಒಣ ಮುಳ್ಳಿನ ಬೇಲಿಯೇ ಅಗ್ಗ, ಅದನ್ನು ಕಟ್ಟಲು ಬಲ್ಲವರು ಪ್ರತಿ ಊರಲ್ಲೂ ಇದ್ದಾರೆ.

ಈಗ ತಕ್ಷಣ ಮಾಡಬೇಕಾದದ್ದು ಎರಡು ಕೆಲಸ. ಒಂದು, ಶಾಲೆಯಲ್ಲಿ ಮಳೆಮಾಪಕ ಇಡಿ, ಮಕ್ಕಳು ಪ್ರತಿ ಮಳೆಯನ್ನೂ ಬರೆದಿಡಲಿ. ಎರಡು, ಟ್ಯಾಂಕರಿನ ನೀರನ್ನೂ ಹತ್ತಿರದ ಕೊಳವೆಬಾವಿ ಇದ್ದರೆ ಅದರ ನೀರನ್ನೂ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಉಪ್ಪಿನಂಶ ತಿಳಿಸುವ ಇಸಿ ಅಂಕಿ ಕೇಳಿ. ಅದು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ತರಕಾರಿಗೆ ಆ ನೀರು ಬೇಡ, ಜಾಳ್ ಮತ್ತು ಖೇಜಡಿಗೆ ಮಾತ್ರ ಇರಲಿ. ವರದಿ ಬಂದ ಮೇಲೆ ಇಸಿ ಅಂಕಿಯನ್ನೂ, ಕಲ್ಲುನೆಲದ ಇಳಿಜಾರು ಯಾವ ದಿಕ್ಕಿಗಿದೆ ಅನ್ನುವುದನ್ನೂ ಬರೆದು ಕಳಿಸಿ. ದಾಳಿಂಬೆ ಹಾಕಬಹುದೇ, ಖಡೀನಿನ ಏರಿ ಎಷ್ಟು ಉದ್ದ ಬೇಕು ಅನ್ನುವುದನ್ನು ಆಗ ಲೆಕ್ಕ ಹಾಕಿ ಹೇಳುತ್ತೇನೆ.